ಅದಿತಿ ಅಶೋಕ್ ಆಡುವ ಆಟದ ಲೆಕ್ಕಾಚಾರ: ಪಾರ್, ಕಾರ್ಡ್, ಕಟ್, ರ‍್ಯಾಂಕಿಂಗ್

2021ರ ಆಗಸ್ಟ್ 7, ಶನಿವಾರ. ಅವತ್ತು ಬೆಳಗ್ಗೆ ಗಾಲ್ಫ್ ಗೊತ್ತೇ ಇಲ್ಲದವರೂ ಟಿವಿ ಮುಂದೆ ಕೂತಿದ್ದರು. ಟೋಕಿಯೊ ಒಲಿಂಪಿಕ್ಸ್‌ನ ಮಹಿಳೆಯರ ಗಾಲ್ಫ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಪದಕದ ಹತ್ತಿರ ಇದ್ದಾರೆ ಅಂತ ಸುದ್ದಿ ಹಬ್ಬಿತ್ತು. ಪರದೆ ಮೇಲೆ ‘ಮೈನಸ್ 15’ ಅಂತ ಬರುತ್ತಿತ್ತು. ಮೈನಸ್ ಅಂದರೆ ಹಿಂದೆ ಬಿದ್ದಿದ್ದಾರಾ, ಮುಂದೆ ಇದ್ದಾರಾ ಅನ್ನುವುದೇ ಬಹಳ ಜನಕ್ಕೆ ಗೊತ್ತಾಗಲಿಲ್ಲ. ಕೊನೆಗೆ ಒಂದೇ ಒಂದು ಹೊಡೆತದ ಅಂತರದಲ್ಲಿ ಪದಕ ತಪ್ಪಿ ನಾಲ್ಕನೇ ಸ್ಥಾನ ಬಂತು.

ಆಮೇಲೆ ಮತ್ತೆ ಅವರ ಹೆಸರು ಸುದ್ದಿಯಾಗಿದ್ದು 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ, ಬೆಳ್ಳಿ ಗೆದ್ದಾಗ. ಈ ಎರಡರ ನಡುವೆ, ಅದಕ್ಕೂ ಮುಂಚೆ, ಆಮೇಲೆ ಅವರು ಏನು ಮಾಡುತ್ತಿರುತ್ತಾರೆ? ವರ್ಷವಿಡೀ ಯಾವ ಪಂದ್ಯ ಆಡುತ್ತಾರೆ, ಸಂಬಳ ಯಾರು ಕೊಡುತ್ತಾರೆ? ಮಹಿಳಾ ಗಾಲ್ಫರ್ ಒಬ್ಬರ ವೃತ್ತಿ ನಡೆಯುವ ರೀತಿ ಕ್ರಿಕೆಟಿಗರದ್ದಕ್ಕಿಂತ ಪೂರ್ತಿ ಬೇರೆ. ಅದಿತಿಯವರನ್ನೇ ಉದಾಹರಣೆ ಇಟ್ಟುಕೊಂಡು ಒಂದೊಂದಾಗಿ ನೋಡೋಣ.

ಮೊದಲು ಪಾರ್ ಅಂದರೇನು

ಗಾಲ್ಫ್ ಕೋರ್ಸ್‌ನಲ್ಲಿ 18 ಹೋಲ್ ಇರುತ್ತವೆ. ಹೋಲ್ ಅಂದರೆ ಬರೀ ಗುಂಡಿ ಅಲ್ಲ. ಚೆಂಡನ್ನು ಮೊದಲು ಹೊಡೆಯುವ ಜಾಗದಿಂದ ಗುಂಡಿಯವರೆಗಿನ ಇಡೀ ದಾರಿಗೂ ಹೋಲ್ ಅಂತಲೇ ಹೆಸರು. ಹೊರಡುವ ಜಾಗ ಟೀ. ಮಧ್ಯೆ ಸಣ್ಣಗೆ ಕತ್ತರಿಸಿದ ಹುಲ್ಲಿನ ದಾರಿ ಫೇರ್‌ವೇ. ಅಕ್ಕಪಕ್ಕದ ಉದ್ದ ಹುಲ್ಲು ರಫ್. ಮರಳಿನ ಹಳ್ಳ ಬಂಕರ್. ಕೊನೆಯಲ್ಲಿ ನುಣ್ಣಗೆ ಹುಲ್ಲು ಸವರಿದ ಜಾಗ ಗ್ರೀನ್. ಗುಂಡಿ ಇರುವುದು ಅಲ್ಲಿ. ಅದರ ಅಗಲ 108 ಮಿಲಿಮೀಟರ್, ಅಂದರೆ ಒಂದು ಗೇಣಿಗಿಂತ ಎಷ್ಟೋ ಕಡಿಮೆ.

ಪ್ರತಿ ಹೋಲ್‌ಗೂ ಒಂದು ಪಾರ್ ಇರುತ್ತದೆ. ಒಳ್ಳೆ ಆಟಗಾರರಿಗೆ ಆ ಹೋಲ್ ಮುಗಿಸಲು ಇಷ್ಟು ಹೊಡೆತ ಸಾಕು ಅಂತ ಮೊದಲೇ ನಿಗದಿ ಮಾಡಿದ ಲೆಕ್ಕ ಅದು. ಉದ್ದ ನೋಡಿ 3, 4 ಅಥವಾ 5 ಇಡುತ್ತಾರೆ. ಪಾರ್ 4ರ ಹೋಲ್ ಅಂದರೆ ಒಂದು ಹೊಡೆತಕ್ಕೆ ಫೇರ್‌ವೇ, ಇನ್ನೊಂದಕ್ಕೆ ಗ್ರೀನ್, ಅಲ್ಲಿಂದ ಗುಂಡಿಗೆ ಎರಡು ಹೊಡೆತ. ಪಾರ್‌ಗಿಂತ ಒಂದು ಕಡಿಮೆಯಲ್ಲಿ ಮುಗಿಸಿದರೆ ಬರ್ಡಿ, ಎರಡು ಕಡಿಮೆಯಾದರೆ ಈಗಲ್. ಒಂದು ಜಾಸ್ತಿಯಾದರೆ ಬೋಗಿ.

ಗಾಲ್ಫ್‌ನಲ್ಲಿ ಕಡಿಮೆ ಹೊಡೆದವರೇ ಗೆಲ್ಲುವುದು. ಹಾಗಾಗಿ ಮೈನಸ್ ಅಂದರೆ ಒಳ್ಳೆಯದು. ಟೋಕಿಯೊ ಒಲಿಂಪಿಕ್ಸ್ ನಡೆದ ಕಸುಮಿಗಾಸೆಕಿ ಕೋರ್ಸ್‌ನ ಒಟ್ಟು ಪಾರ್ 71. ನಾಲ್ಕು ದಿನಕ್ಕೆ 284. ಅದಿತಿ ಕ್ರಮವಾಗಿ 67, 66, 68, 68 ಹೊಡೆದರು. ಒಟ್ಟು 269. ಪಾರ್‌ಗಿಂತ 15 ಕಡಿಮೆ. ಪರದೆ ಮೇಲಿದ್ದ ಮೈನಸ್ 15 ಅದೇ.

ಚಿನ್ನ ಗೆದ್ದ ಅಮೆರಿಕದ ನೆಲ್ಲಿ ಕೊರ್ಡಾ ಅವರದ್ದು ಮೈನಸ್ 17. ಜಪಾನ್‌ನ ಮೋನೆ ಇನಾಮಿ, ನ್ಯೂಜಿಲೆಂಡ್‌ನ ಲಿಡಿಯಾ ಕೋ ಇಬ್ಬರೂ ಮೈನಸ್ 16. ನಾಲ್ಕು ದಿನ, 72 ಹೋಲ್ ಆದಮೇಲೆ ಅಂತರ ಇಷ್ಟೇ. ಕೊನೆಯ ಹೋಲ್‌ನಲ್ಲಿ ಅದಿತಿಯವರ ಬರ್ಡಿ ಪ್ರಯತ್ನ ಗುಂಡಿಗೆ ಬಿದ್ದಿದ್ದರೆ ಅವರೂ ಬೆಳ್ಳಿ, ಕಂಚಿನ ಪ್ಲೇಆಫ್‌ಗೆ ಸೇರುತ್ತಿದ್ದರು. ಪ್ಲೇಆಫ್ ಅಂದರೆ ಸಮಬಲ ಆದವರು ಮತ್ತೆ ಒಂದೊಂದೇ ಹೋಲ್ ಆಡಿ ತೀರ್ಮಾನ ಮಾಡಿಕೊಳ್ಳುವುದು.

ದೂರ ಹೊಡೆಯದವರು ಅಷ್ಟು ಮೇಲೆ ಬಂದಿದ್ದು ಹೇಗೆ?

ಟೋಕಿಯೊದಲ್ಲಿ ಅದಿತಿಯವರ ಆಟದ ಬಗ್ಗೆ ಜಾಸ್ತಿ ಚರ್ಚೆಯಾಗಿದ್ದು ಈ ವಿಷಯ. ಟೀಯಿಂದ ಹೊಡೆಯುವ ಮೊದಲ ಹೊಡೆತದ ದೂರದಲ್ಲಿ ಅವರು ಪಟ್ಟಿಯ ತಳದ ಹತ್ತಿರ ಇದ್ದರು. ಜೊತೆಗೆ ಆಡುವವರ ಚೆಂಡು ಎಷ್ಟೋ ಗಜ ಮುಂದೆ ಬಿದ್ದಿರುತ್ತಿತ್ತು. ಒಲಿಂಪಿಕ್ಸ್‌ಗೆ ಕೆಲವೇ ವಾರ ಮುಂಚೆ ಅವರಿಗೆ ಕೋವಿಡ್ ಬಂದು ಹೋಗಿತ್ತು. ಮೊದಲೇ ದೂರ ಕಡಿಮೆ, ಆಗ ಇನ್ನೂ ಕಡಿಮೆಯಾಗಿತ್ತು.

ಹಿಂದೆ ಬಿದ್ದರೆ ಏನು ಕಷ್ಟ? ಬೇರೆಯವರು ಗ್ರೀನ್‌ಗೆ 130 ಗಜದಿಂದ ಹೊಡೆಯುವ ಕಡೆ ಇವರು 170 ಗಜದಿಂದ ಹೊಡೆಯಬೇಕು ಅಂತ ಇಟ್ಟುಕೊಳ್ಳಿ. ಚೆಂಡು ಹೊಡೆಯುವ ಕೋಲಿಗೆ ಕ್ಲಬ್ ಅನ್ನುತ್ತಾರೆ, ಚೀಲದಲ್ಲಿ ಹೆಚ್ಚೆಂದರೆ 14 ಇಟ್ಟುಕೊಳ್ಳಬಹುದು. ಹತ್ತಿರದಿಂದ ಹೊಡೆಯುವವರು ಸಣ್ಣ ಐರನ್ ಅನ್ನುವ ಕ್ಲಬ್ ತೆಗೆಯುತ್ತಾರೆ. ಅದರಲ್ಲಿ ಹೊಡೆದ ಚೆಂಡು ಎತ್ತರಕ್ಕೆ ಹೋಗಿ ಬಿದ್ದ ಕಡೆಯೇ ನಿಲ್ಲುತ್ತದೆ. ದೂರದಿಂದ ಹೊಡೆಯುವವರಿಗೆ ಹೈಬ್ರಿಡ್ ಅಥವಾ ವುಡ್ ಅನ್ನುವ ಕ್ಲಬ್ ಬೇಕು. ಚೆಂಡು ತಗ್ಗಾಗಿ ಹೋಗುತ್ತದೆ, ಬಿದ್ದಮೇಲೂ ಉರುಳುತ್ತದೆ. ಗುಂಡಿ ಹತ್ತಿರ ನಿಲ್ಲಿಸುವುದು ಕಷ್ಟ.

ಈ ನಷ್ಟವನ್ನು ಅದಿತಿ ಗ್ರೀನ್ ಮೇಲೆ ತುಂಬಿಕೊಂಡರು. ಅಲ್ಲಿ ಚೆಂಡನ್ನು ಪಟರ್ ಅನ್ನುವ ಕ್ಲಬ್‌ನಿಂದ ಉರುಳಿಸುವುದಕ್ಕೆ ಪಟ್ ಮಾಡುವುದು ಅನ್ನುತ್ತಾರೆ. ನೋಡುವವರಿಗೆ ಸುಮ್ನೆ ತಳ್ಳಿದ ಹಾಗೆ ಕಾಣುತ್ತದೆ. ಆದರೆ ಗ್ರೀನ್ ಸಮತಟ್ಟಾಗಿ ಇರುವುದೇ ಇಲ್ಲ. ಸ್ವಲ್ಪ ಓರೆಯಾಗಿಟ್ಟ ಕೇರಂ ಬೋರ್ಡ್ ಮೇಲೆ ಆಡುವಾಗ ಗುರಿಯನ್ನು ಪಾಕೆಟ್‌ಗಿಂತ ಆಚೆ ಇಟ್ಟು, ಜೋರನ್ನೂ ತೂಗಿ ನೋಡಿ ಹೊಡೆಯಬೇಕು ಅಲ್ವಾ? ಹಾಗೆ ಇದು. ಹುಲ್ಲು ಯಾವ ಕಡೆ ಬಗ್ಗಿದೆ, ಇಳಿಜಾರು ಎಲ್ಲಿ ತಿರುಗುತ್ತದೆ, ಬೆಳಗಿನ ತೇವ ಆರಿದೆಯಾ ಇಲ್ವಾ, ಎಲ್ಲ ಲೆಕ್ಕಕ್ಕೆ ಬರುತ್ತದೆ.

ಲೆಕ್ಕಕ್ಕೆ ಬರುವ ಒಂದೊಂದು ಹೊಡೆತಕ್ಕೂ ಸ್ಟ್ರೋಕ್ ಅನ್ನುತ್ತಾರೆ. 300 ಗಜದ ಹೊಡೆತವೂ ಒಂದು ಸ್ಟ್ರೋಕ್, ಮೂರು ಅಡಿಯ ಪಟ್ ಕೂಡ ಒಂದು ಸ್ಟ್ರೋಕ್. ದೂರ ಕಡಿಮೆ ಇರುವವರು ಬದುಕಿಕೊಳ್ಳುವುದೇ ಈ ನಿಯಮದಿಂದ. ಟೋಕಿಯೊದಲ್ಲಿ ಪಟಿಂಗ್‌ನಲ್ಲಿ ಅದಿತಿ ಅತ್ಯುತ್ತಮರ ಸಾಲಿನಲ್ಲಿದ್ದರು.

ಚೀಲ ಹೊತ್ತವರ ಬಗ್ಗೆಯೂ ಒಂದು ಮಾತು. ಅವರನ್ನು ಕ್ಯಾಡಿ ಅನ್ನುತ್ತಾರೆ. ಚೀಲ ಹೊರುವುದು ಅವರ ಕೆಲಸದಲ್ಲಿ ಒಂದು ಭಾಗ ಮಾತ್ರ. ದೂರ ಅಳೆದು ಹೇಳುವುದು, ಗಾಳಿ ನೋಡುವುದು, ಬಂಕರ್‌ನ ಮರಳು ಸರಿ ಮಾಡುವುದು ಎಲ್ಲ ಅವರದ್ದೇ. ಆಡುವಾಗ ಆಟಗಾರರಿಗೆ ಸಲಹೆ ಕೊಡುವ ಅವಕಾಶ ಇರುವುದು ಕ್ಯಾಡಿಗೆ ಮಾತ್ರ. ಕೋಚ್ ಕೂಡ ಮಾತಾಡುವ ಹಾಗಿಲ್ಲ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅದಿತಿಗೆ ಅಪ್ಪ ಕ್ಯಾಡಿ. ಟೋಕಿಯೊದಲ್ಲಿ ಅಮ್ಮ.

ಅಮೆಚೂರ್ ಮತ್ತು ಪ್ರೊಫೆಷನಲ್

ಅದಿತಿ ಹುಟ್ಟಿದ್ದು 1998ರ ಮಾರ್ಚ್ 29ರಂದು. ಅಪ್ಪ ಅಮ್ಮ ಗಾಲ್ಫ್ ಆಡಿದವರಲ್ಲ. ಮನೆಯವರು ತಿಂಡಿಗೆ ಹೋಗುತ್ತಿದ್ದ ಜಾಗದಿಂದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಮೈದಾನ ಕಾಣುತ್ತಿತ್ತು. ಅಲ್ಲಿ ಏನು ನಡೀತಿದೆ ಅಂತ ಮಗುವಿಗೆ ಕುತೂಹಲ. ಐದೂವರೆ ವರ್ಷಕ್ಕೆ ಶುರುವಾಯಿತು. 13ನೇ ವಯಸ್ಸಿಗೆ ಹಿರಿಯರನ್ನೆಲ್ಲ ಹಿಂದೆ ಹಾಕಿ ರಾಷ್ಟ್ರೀಯ ಅಮೆಚೂರ್ ಚಾಂಪಿಯನ್ ಆದರು.

ಅಮೆಚೂರ್ ಅಂದರೆ ಕಲಿಯುವವರು ಅಂತಲ್ಲ. ದೊಡ್ಡ ಬಹುಮಾನದ ಹಣ ತೆಗೆದುಕೊಳ್ಳದೆ ಆಡುವವರು. ಆಟ ಎಷ್ಟೇ ಮೇಲ್ಮಟ್ಟದ್ದಾದರೂ ಇದೇ ನಿಯಮ. ಅಮೆಚೂರ್ ಒಬ್ಬರು ಪ್ರೊಫೆಷನಲ್ ಪಂದ್ಯದಲ್ಲಿ ಮೂರನೆಯವರಾದರೂ ಬಹುಮಾನದ ಹಣ ಮುಂದಿನ ಪ್ರೊಫೆಷನಲ್‌ಗೆ ಹೋಗುತ್ತದೆ. ಸಾಮಾನ್ಯವಾಗಿ ದೇಶ ವಿದೇಶದ ಅಮೆಚೂರ್ ಪಂದ್ಯಗಳಲ್ಲಿ ಹೆಸರು ಮಾಡಿ, ಆಮೇಲೆ ಪ್ರೊಫೆಷನಲ್ ಆಗುತ್ತಾರೆ. ಅದಿತಿ 2015ರಲ್ಲಿ ಬ್ರಿಟನ್‌ನ ಲೇಡೀಸ್ ಅಮೆಚೂರ್ ಸ್ಟ್ರೋಕ್ ಪ್ಲೇ ಅನ್ನುವ ಪಂದ್ಯ ಗೆದ್ದರು. 2016ರ ಜನವರಿ 1ರಂದು ಪ್ರೊಫೆಷನಲ್ ಆದರು. ಆಗಿನ್ನೂ 17 ವರ್ಷ. ಬೆಂಗಳೂರಿನ ಫ್ರಾಂಕ್ ಆಂಟನಿ ಶಾಲೆಯ ಓದು ಕೂಡ ಮುಗಿದಿದ್ದು ಅದೇ ವರ್ಷ.

ಟೂರ್ ಕಾರ್ಡ್ ಇಲ್ಲದಿದ್ದರೆ ಆಟವೇ ಇಲ್ಲ

ಪ್ರೊಫೆಷನಲ್ ಆಗಿಬಿಟ್ಟರೆ ಎಲ್ಲ ಪಂದ್ಯವೂ ಆಡಬಹುದು ಅಂತಲ್ಲ. ಗಾಲ್ಫ್‌ನಲ್ಲಿ ಪಂದ್ಯಗಳನ್ನು ನಡೆಸುವುದು ಟೂರ್‌ಗಳು. ಮಹಿಳೆಯರಿಗೆ ಎಲ್ಲಕ್ಕಿಂತ ದೊಡ್ಡದು ಅಮೆರಿಕದ ಎಲ್‌ಪಿಜಿಎ. 1950ರಲ್ಲಿ 13 ಮಂದಿ ಆಟಗಾರ್ತಿಯರು ಸೇರಿ ಕಟ್ಟಿದ್ದು ಅದು. ಯುರೋಪಿನಲ್ಲಿ ಲೇಡೀಸ್ ಯುರೋಪಿಯನ್ ಟೂರ್ ಇದೆ, ಚಿಕ್ಕದಾಗಿ ಎಲ್‌ಇಟಿ. ಜಪಾನ್, ಕೊರಿಯಾಗಳಿಗೆ ಗಟ್ಟಿಯಾದ ತಮ್ಮದೇ ಟೂರ್‌ಗಳಿವೆ. ಭಾರತದಲ್ಲೂ ಮಹಿಳೆಯರ ಪ್ರೊ ಟೂರ್ ಇದೆ.

ಒಂದು ಟೂರ್‌ನಲ್ಲಿ ವರ್ಷವಿಡೀ ಆಡುವ ಹಕ್ಕಿಗೆ ಟೂರ್ ಕಾರ್ಡ್ ಅನ್ನುತ್ತಾರೆ. ಹೊಸಬರು ಅದನ್ನು ಪಡೆಯಲು ಕ್ವಾಲಿಫೈಯಿಂಗ್ ಸ್ಕೂಲ್ ದಾಟಬೇಕು. ಹೆಸರಲ್ಲಿ ಸ್ಕೂಲ್ ಇದೆ ಅಷ್ಟೇ, ಪಾಠ ಗೀಠ ಏನೂ ಇಲ್ಲ. ಕೆಲವು ದಿನಗಳ ಕಠಿಣ ಪಂದ್ಯ ಅದು. ಮೇಲಿನವರಿಗೆ ಪೂರ್ತಿ ಕಾರ್ಡ್. ಅವರ ಕೆಳಗಿನವರಿಗೆ ಷರತ್ತಿನ ಕಾರ್ಡ್, ಅಂದರೆ ಜಾಗ ಖಾಲಿ ಇದ್ದರೆ ಆಡಬಹುದು. ಉಳಿದವರು ಮುಂದಿನ ವರ್ಷ ಮತ್ತೆ ಬರಬೇಕು.

2015ರ ಡಿಸೆಂಬರ್‌ನಲ್ಲಿ ಮೊರಾಕೊದಲ್ಲಿ ನಡೆದ ಎಲ್‌ಇಟಿ ಸ್ಕೂಲ್‌ನಲ್ಲಿ ಅದಿತಿ ಮೊದಲಿಗರಾಗಿ ಪಾಸಾದರು. ಭಾರತದ ಯಾರೂ ಅದುವರೆಗೆ ಅದನ್ನು ಗೆದ್ದಿರಲಿಲ್ಲ. ಮುಂದಿನ ನವೆಂಬರ್‌ನಲ್ಲಿ ಗುರುಗ್ರಾಮದ ವಿಮೆನ್ಸ್ ಇಂಡಿಯನ್ ಓಪನ್ ಗೆದ್ದು, ಎಲ್‌ಇಟಿ ಪ್ರಶಸ್ತಿ ಗೆದ್ದ ಮೊದಲ ಭಾರತೀಯಳಾದರು. ಅಂತರ ಒಂದೇ ಸ್ಟ್ರೋಕ್. ಅದೇ ತಿಂಗಳು ಕತಾರ್‌ನಲ್ಲೂ ಗೆದ್ದರು. ಆ ಸಾಲಿನ ಅತ್ಯುತ್ತಮ ಹೊಸ ಆಟಗಾರ್ತಿ ಪ್ರಶಸ್ತಿಯೂ ಅವರದ್ದೇ.

2017ರಿಂದ ಎಲ್‌ಪಿಜಿಎ. ಇಲ್ಲಿ ಆಡಿದ ಮೊದಲ ಭಾರತೀಯಳು ಅದಿತಿ ಅಂತ ಕೆಲವರು ಬರೆಯುವುದುಂಟು. ಹಾಗಲ್ಲ. 1990ರ ದಶಕದಲ್ಲೇ ಸಿಮಿ ಮೆಹ್ರಾ ಅಲ್ಲಿ ಆಡಿದ್ದರು. ಅದಿತಿಯವರ ವಿಶೇಷ ಬೇರೆ: ಇಂಥ ಟೂರ್‌ನಲ್ಲಿ ವರ್ಷದ ಮೇಲೆ ವರ್ಷ ಉಳಿದುಕೊಂಡಿದ್ದು. ಕಾರ್ಡ್ ಒಂದು ಸಲ ಸಿಕ್ಕರೆ ಶಾಶ್ವತ ಅಲ್ಲ. ವರ್ಷದ ಕೊನೆಗೆ ಪಾಯಿಂಟ್ ಪಟ್ಟಿಯಲ್ಲಿ ಒಂದು ಗೆರೆಗಿಂತ ಕೆಳಗೆ ಇಳಿದರೆ ಪೂರ್ತಿ ಕಾರ್ಡ್ ಹೋಗುತ್ತದೆ. ನನ್ನ ಪ್ರಕಾರ ಅವರ ವೃತ್ತಿಯಲ್ಲಿ ಪದಕಗಳಿಗಿಂತ ದೊಡ್ಡ ಸಾಧನೆ ಇದೇ, ಆದರೆ ಇದಕ್ಕೆ ಯಾರೂ ಹಾರ ಹಾಕುವುದಿಲ್ಲ.

ಕಟ್: ಶುಕ್ರವಾರದ ಪರೀಕ್ಷೆ

ದೊಡ್ಡ ಪಂದ್ಯಗಳು ಸಾಮಾನ್ಯವಾಗಿ ಗುರುವಾರ ಶುರುವಾಗಿ ಭಾನುವಾರ ಮುಗಿಯುತ್ತವೆ. ದಿನಕ್ಕೆ 18 ಹೋಲ್. ಎಷ್ಟೋ ಪಂದ್ಯಗಳಲ್ಲಿ ಮೊದಲ ದಿನ ನೂರಕ್ಕೂ ಜಾಸ್ತಿ ಮಂದಿ ಇರುತ್ತಾರೆ. ಎರಡು ದಿನ ಆದಮೇಲೆ ಅರ್ಧದಷ್ಟು ಜನರನ್ನು ಮನೆಗೆ ಕಳಿಸುತ್ತಾರೆ. ಅದೇ ಕಟ್. ಉಳಿದವರಷ್ಟೇ ಶನಿವಾರ, ಭಾನುವಾರ ಆಡುತ್ತಾರೆ, ಬಹುಮಾನದ ಹಣ ಅವರಿಗೇ ಹಂಚಿಕೆ.

ಕಟ್ ತಪ್ಪಿದವರಿಗೆ? ಕೆಲವು ದೊಡ್ಡ ಪಂದ್ಯಗಳಲ್ಲಿ ಸ್ವಲ್ಪ ಹಣ ಕೊಡುವುದುಂಟು. ಸಾಮಾನ್ಯವಾಗಿ ಏನೂ ಇಲ್ಲ. ಆದರೆ ವಿಮಾನ, ಹೋಟೆಲ್, ಕ್ಯಾಡಿಯ ವಾರದ ಸಂಬಳ ಎಲ್ಲ ಖರ್ಚಾಗಿಯೇ ಇರುತ್ತದೆ. ಗಾಲ್ಫರ್‌ಗೆ ಸಂಬಳ ಕೊಡುವ ತಂಡವಿಲ್ಲ, ಮಂಡಳಿ ಇಲ್ಲ. ಸ್ವಂತ ಅಂಗಡಿ ಇಟ್ಟವರ ಬದುಕು ಅವರದ್ದು. ಅದಕ್ಕೇ ಪ್ರಾಯೋಜಕರು ಬೇಕು. ಭಾರತದ ಕ್ರೀಡಾ ಇಲಾಖೆಯ ಟಾಪ್ಸ್ ಯೋಜನೆ ಒಲಿಂಪಿಕ್ಸ್ ಪದಕದ ಭರವಸೆ ಇರುವವರಿಗೆ ನೆರವು ಕೊಡುತ್ತದೆ. ಅದಿತಿ ಆ ಪಟ್ಟಿಯಲ್ಲಿದ್ದರು.

ಗೆದ್ದರೆ ಎಷ್ಟು ಸಿಗುತ್ತದೆ? ಎಲ್‌ಪಿಜಿಎಯಲ್ಲಿ ಒಟ್ಟು ಬಹುಮಾನದ ಶೇಕಡ 15ರಷ್ಟು ವಿಜೇತರಿಗೆ ಹೋಗುವುದು ರೂಢಿ. 2023ರ ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಡೆದ ಪಂದ್ಯದ ಒಟ್ಟು ಬಹುಮಾನ 30 ಲಕ್ಷ ಡಾಲರ್. ಗೆದ್ದವರಿಗೆ ನಾಲ್ಕೂವರೆ ಲಕ್ಷ. ಅಲ್ಲಿ ಅದಿತಿ, ಆಸ್ಟ್ರೇಲಿಯಾದ ಹನ್ನಾ ಗ್ರೀನ್, ಚೀನಾದ ಲಿನ್ ಶಿಯು ಮೂವರೂ ಸಮಬಲವಾಗಿ ಪ್ಲೇಆಫ್‌ಗೆ ಹೋದರು. ಗೆದ್ದಿದ್ದು ಗ್ರೀನ್. ಉಳಿದಿಬ್ಬರಿಗೂ ಎರಡನೇ ಸ್ಥಾನ. ಹೀಗೆ ಸ್ಥಾನ ಹಂಚಿಕೊಂಡಾಗ ಎರಡನೇ, ಮೂರನೇ ಬಹುಮಾನ ಕೂಡಿಸಿ ಸಮ ಪಾಲು ಮಾಡುತ್ತಾರೆ.

ಎಲ್‌ಪಿಜಿಎ ಗೆಲುವಿಗೆ ಅದಿತಿ ಅಷ್ಟು ಹತ್ತಿರ ಹೋಗಿದ್ದ ಆ ವರ್ಷವೇ ಎಲ್‌ಇಟಿಯಲ್ಲಿ ಎರಡು ಪ್ರಶಸ್ತಿ ಬಂದವು. ಫೆಬ್ರುವರಿಯಲ್ಲಿ ಕೀನ್ಯಾದಲ್ಲಿ, ಒಂಬತ್ತು ಸ್ಟ್ರೋಕ್ ಅಂತರದಿಂದ. ನವೆಂಬರ್‌ನಲ್ಲಿ ಸ್ಪೇನ್‌ನಲ್ಲಿ. 2017ರ ಅಬುಧಾಬಿ ಸೇರಿಸಿದರೆ ಎಲ್‌ಇಟಿಯಲ್ಲಿ ಅಲ್ಲಿಗೆ ಐದು.

200ನೇ ರ‍್ಯಾಂಕ್‌ನವರು ನಾಲ್ಕನೆಯವರಾಗಬಹುದಾ?

ಟೋಕಿಯೊಗೆ ಹೋದಾಗ ಅದಿತಿಯವರ ವಿಶ್ವ ರ‍್ಯಾಂಕಿಂಗ್ 200. ಅಲ್ಲಿ ಆಡಿದ್ದು 60 ಜನ. ಹಾಗಾದರೆ ಅವರಿಗೆ ಜಾಗ ಸಿಕ್ಕಿದ್ದು ಹೇಗೆ?

ಒಲಿಂಪಿಕ್ಸ್‌ಗೆ ಒಂದು ದೇಶದಿಂದ ಸಾಮಾನ್ಯವಾಗಿ ಇಬ್ಬರು ಮಾತ್ರ. ವಿಶ್ವದ ಮೊದಲ 15ರಲ್ಲಿ ಇರುವವರಾದರೆ ನಾಲ್ವರವರೆಗೆ ಬಿಡುತ್ತಾರೆ. ಮಹಿಳೆಯರ ಗಾಲ್ಫ್‌ನಲ್ಲಿ ದಕ್ಷಿಣ ಕೊರಿಯಾ, ಅಮೆರಿಕ, ಜಪಾನ್‌ನ ಆಟಗಾರ್ತಿಯರೇ ಸಾಲುಗಟ್ಟಿ ಮೇಲಿರುತ್ತಾರೆ. ಅವರಲ್ಲಿ ಹೆಚ್ಚಿನವರು ಈ ಮಿತಿಯಿಂದಾಗಿ ಹೊರಗೆ ಉಳಿಯುತ್ತಾರೆ. ಪಟ್ಟಿ ಕೆಳಗೆ ಇಳಿಯುತ್ತಾ ಬೇರೆ ದೇಶದವರಿಗೆ ಜಾಗ ಸಿಗುತ್ತದೆ.

ಇನ್ನು ರ‍್ಯಾಂಕಿಂಗ್ ಹೇಗೆ ಬರುತ್ತದೆ ಅನ್ನುವುದು. ಹಿಂದಿನ ಎರಡು ವರ್ಷದ ಪಂದ್ಯಗಳಲ್ಲಿ ಗಳಿಸಿದ ಪಾಯಿಂಟ್‌ಗಳನ್ನು ಆಡಿದ ಪಂದ್ಯಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ಇತ್ತೀಚಿನ ಪಂದ್ಯಗಳಿಗೆ ತೂಕ ಜಾಸ್ತಿ. ಅಂದರೆ ಅದು ಸರಾಸರಿ. ಒಂದು ವಾರ ಅದ್ಭುತವಾಗಿ ಆಡಿ ಮುಂದಿನ ಮೂರು ವಾರ ಕಟ್ ತಪ್ಪಿದರೆ ಸರಾಸರಿ ಇಳಿಯುತ್ತದೆ. ಒಂದು ವಾರದ ಆಟ ಮತ್ತು ಎರಡು ವರ್ಷದ ಸರಾಸರಿ ಬೇರೆ ಬೇರೆ. ಟೂರ್ ಆಡುವವರ ಕೌಶಲದಲ್ಲಿ ಇರುವ ವ್ಯತ್ಯಾಸ ದಿನಕ್ಕೆ ಒಂದೋ ಎರಡೋ ಸ್ಟ್ರೋಕ್. ಪಟ್ ಬೀಳುತ್ತಿರುವ ವಾರದಲ್ಲಿ ಅದನ್ನು ದಾಟಿಬಿಡಬಹುದು.

ಉಲ್ಟಾ ಆಗುವುದೂ ಉಂಟು. ರಿಯೊದಲ್ಲಿ 18 ವರ್ಷದ ಅದಿತಿ ಮೊದಲೆರಡು ದಿನ 68, 68 ಹೊಡೆದು ಎಲ್ಲರ ಗಮನ ಸೆಳೆದರು. ಆಮೇಲೆ 79, 76. ಕೊನೆಗೆ 41ನೇ ಸ್ಥಾನ.

ಹಾಂಗ್‌ಝೌದಲ್ಲಿ ಆಗಿದ್ದು ಇನ್ನೂ ಕಠಿಣ. ಮೊದಲ ಮೂರು ದಿನ 67, 66, 61. ಆ 61 ಪಾರ್‌ಗಿಂತ 11 ಕಡಿಮೆ. ಕೊನೆಯ ದಿನಕ್ಕೆ ಏಳು ಸ್ಟ್ರೋಕ್ ಮುನ್ನಡೆ. ಚಿನ್ನ ಬಂದ ಹಾಗೆ ಅಂದುಕೊಂಡಿದ್ದರು ಎಲ್ಲರೂ. ಭಾನುವಾರ ಅದಿತಿ ಹೊಡೆದಿದ್ದು 77. ಥಾಯ್ಲೆಂಡ್‌ನ ಅರ್ಪಿಚಾಯಾ ಯೂಬೊಲ್ 68. ಒಂದೇ ದಿನದಲ್ಲಿ ಒಂಬತ್ತು ಸ್ಟ್ರೋಕ್ ವ್ಯತ್ಯಾಸ. ಏಳರ ಮುನ್ನಡೆ ಕರಗಿ ಎರಡರ ಹಿನ್ನಡೆ ಆಯಿತು. ಬೆಳ್ಳಿ ಬಂತು. ಏಷ್ಯನ್ ಗೇಮ್ಸ್ ಗಾಲ್ಫ್‌ನಲ್ಲಿ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಅವರೇ, ಆದರೂ ಆ ಸಂಜೆ ಮಾತೆಲ್ಲ ತಪ್ಪಿದ ಚಿನ್ನದ್ದೇ.

ಗಾಲ್ಫ್‌ನಲ್ಲಿ ಎದುರಾಳಿಯ ಆಟವನ್ನು ತಡೆಯುವ ದಾರಿ ಇಲ್ಲ. ಮುನ್ನಡೆ ಇದ್ದವರು ಸಮಯ ಕಳೆದು ಪಂದ್ಯ ಮುಗಿಸಲೂ ಆಗುವುದಿಲ್ಲ. ಎಲ್ಲ 18 ಹೋಲ್ ಆಡಲೇಬೇಕು. ಹಾಗಾಗಿಯೇ ಏಳರ ಮುನ್ನಡೆಯೂ ಭದ್ರವಲ್ಲ.

ಅಂದಹಾಗೆ, ಹಾಂಗ್‌ಝೌದಲ್ಲಿ ಆಡಿದ ಭಾರತದ ಮಹಿಳಾ ಗಾಲ್ಫ್ ತಂಡದ ಮೂವರೂ ಕರ್ನಾಟಕದವರು. ಅದಿತಿ ಜೊತೆ ಮೈಸೂರಿನ ಪ್ರಣವಿ ಅರಸ್ ಮತ್ತು ಬೆಂಗಳೂರಿನ ಅವನಿ ಪ್ರಶಾಂತ್ ಇದ್ದರು.

ಲೀಡರ್‌ಬೋರ್ಡ್ ನೋಡುವುದು ಹೇಗೆ

ಪಂದ್ಯ ನಡೆಯುವಾಗ ಮೊಬೈಲ್‌ನಲ್ಲಿ ಲೀಡರ್‌ಬೋರ್ಡ್ ತೆಗೆದರೆ ಅಂಕಿಗಳ ರಾಶಿ ಕಾಣುತ್ತದೆ. ಹೆಸರಿನ ಪಕ್ಕ ಒಟ್ಟು ಸ್ಕೋರ್ ಇರುತ್ತದೆ: ಮೈನಸ್ ಇದ್ದರೆ ಪಾರ್‌ಗಿಂತ ಕಡಿಮೆ, ಪ್ಲಸ್ ಇದ್ದರೆ ಜಾಸ್ತಿ. ಇಂಗ್ಲಿಷ್‌ನ ‘ಇ’ ಅಕ್ಷರ ಇದ್ದರೆ ಪಾರ್‌ಗೆ ಸರಿಸಮ. ಮುಂದಿನ ಕಾಲಂನಲ್ಲಿ 12 ಅಂತಿದ್ದರೆ ಅವತ್ತಿನ 12 ಹೋಲ್ ಮುಗಿದಿವೆ, ಇನ್ನು ಆರು ಬಾಕಿ. ‘ಎಫ್’ ಇದ್ದರೆ ಆ ದಿನದ ಆಟ ಮುಗಿದಿದೆ. ಕಟ್ ತಪ್ಪಿದವರ ಮುಂದೆ ‘ಎಂಸಿ’ ಅಥವಾ ‘ಕಟ್’ ಅಂತ, ಮಧ್ಯದಲ್ಲೇ ಆಟ ಬಿಟ್ಟವರ ಮುಂದೆ ‘ಡಬ್ಲ್ಯೂಡಿ’ ಅಂತ ಇರುತ್ತದೆ.

ಸ್ಥಾನದ ಜೊತೆ ‘ಟಿ’ ಇದ್ದರೆ ಅದನ್ನು ಒಬ್ಬರಿಗಿಂತ ಜಾಸ್ತಿ ಜನ ಹಂಚಿಕೊಂಡಿದ್ದಾರೆ ಅಂತ ಅರ್ಥ. 2024ರ ಪ್ಯಾರಿಸ್ ಒಲಿಂಪಿಕ್ಸ್ ಮುಗಿದಾಗ ಅದಿತಿಯವರ ಹೆಸರಿನ ಮುಂದೆ ‘ಟಿ29’ ಅಂತಿತ್ತು. ಅದು ಅವರ ಮೂರನೇ ಒಲಿಂಪಿಕ್ಸ್. ಆಗ ಅವರಿಗೆ 26 ವರ್ಷ.